ಶೂ ಹಾಕಿಕೊಂಡ ರೋಗಿ ಮತ್ತು ನಮ್ಮ ಚುಚ್ಚದ ಡಾಕ್ಟರ್

ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ಇತಿಹಾಸವೆಂಬುದು ಅಂಕವಿಲ್ಲದ, ಪರೀಕ್ಷೆಯಿಲ್ಲದ, ಶನಿವಾರದ ಕೊನೆಯ ತಾಸಿನ ವಿಷಯ. ಆ ತಾಸು ಹುಟ್ಟಿದ್ದೇ ನಿದ್ದೆಗಾಗಿ ಎಂದು ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಮಂತ್ರೋಪದೇಶದಂತೆ ಹೇಳಿಕೊಂಡು ಬಂದಿದ್ದಾರೆ. ಅಂಥ ತಾಸನ್ನು ಮೂರು ದಶಕಗಳ ಕಾಲ ಹಿಡಿದು ಅಲ್ಲಾಡಿಸಿ, ಮುರಿದ ಸಿರಿಂಜು, ಹರಿದ ಜಾಹೀರಾತು, ಮಸುಕಾದ ಫೋಟೋ, ಮುದುಕರ ಮಾತು ಇವುಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು, ಅದಕ್ಕಿಂತ ಮುಖ್ಯವಾಗಿ ಯಾವುದಕ್ಕಾಗಿ ನಂಬಬೇಕು ಎಂಬುದನ್ನು ತಲೆಮಾರುಗಟ್ಟಲೆ ಭಾವೀ ವೈದ್ಯರಿಗೆ ಕಲಿಸಿಕೊಟ್ಟ ನಮ್ಮ ಮೇಡಂ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಈ ಕ್ಷೇತ್ರದಲ್ಲಿ ಅವರ ಸ್ಥಾನವೇನು ಎಂಬುದನ್ನು ಈ ಅಭಿನಂದನ ಗ್ರಂಥದ ಹಿರಿಯ ಲೇಖಕರು ಸಾಕಷ್ಟು ಪುಟಗಳಲ್ಲಿ ವಿವರಿಸಿದ್ದಾರೆ. ನನಗೆ ಗೊತ್ತಿರುವುದು ಒಂದೇ: ಸಿನಿಮಾ ಥಿಯೇಟರಿನ ಹೊರಗೆ ನಾನು ಬಾಯಿ ಮುಚ್ಚಿಕೊಂಡು ಕೂತ ಏಕೈಕ ಜಾಗ ಅವರ ತರಗತಿ.

ಸಂಪಾದಕ ಸಮಿತಿಯವರು ನನಗೆ ಎರಡು ಷರತ್ತು ಹಾಕಿದ್ದಾರೆ. ಒಂದು, ಸಿನಿಮಾ ಡೈಲಾಗು ಬೇಡ. ಎರಡು, “ಆ ಬೋರ್ಡಿನ ವಿಷಯ” ಬೇಡ. ಮೊದಲನೆಯದನ್ನು ಶಕ್ತಿಮೀರಿ ಪಾಲಿಸುತ್ತೇನೆ. ಎರಡನೆಯದನ್ನು ಏಕೆ ಪಾಲಿಸಲಾಗಲಿಲ್ಲ ಎಂಬುದಕ್ಕೆ ಈ ಲೇಖನವೇ ಉತ್ತರ.

ಮೇಡಂ ಅವರು ಕಾಲೇಜಿಗೆ ಬಂದಾಗ ಅವರಿಗೆ ಕೊಟ್ಟದ್ದು ಒಂದು ಹುದ್ದೆ ಮತ್ತು ಕೀಲಿ ಕಳೆದುಹೋದ ಒಂದು ಕೋಣೆ. ಹಳೆಯ ಕಟ್ಟಡದ ಕೊನೆಯಲ್ಲಿದ್ದ ಆ ಉದ್ದನೆಯ ಕೋಣೆ ಒಂದು ಕಾಲದಲ್ಲಿ ಮಕ್ಕಳ ಜ್ವರದ ವಾರ್ಡಾಗಿತ್ತು. ಆಮೇಲೆ ಕಾಲು ಮುರಿದ ಮಂಚಗಳ ಗೋಡೌನು. ಹೊಸದಾಗಿ ಬಂದ ಅಧ್ಯಾಪಕಿ ತಾವೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಧೂಳು ಗುಡಿಸಿ, ನೆಲ ತೊಳೆದು, ಆಸ್ಪತ್ರೆಯವರು ಎಸೆಯಲಿದ್ದ ಸಾಮಾನುಗಳನ್ನೆಲ್ಲ ಬೇಡಿ ತಂದು ಜೋಡಿಸಿ, ಅದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಹಿಂದಿನ ಗೋಡೆಗೆ ಒಂದು ಭಾರೀ ಸ್ಟೀಲ್ ಬೀರುವನ್ನು ನಿಲ್ಲಿಸಿ ಅದರ ತುಂಬ ಹಳೆಯ ಉಪಕರಣಗಳನ್ನಿಟ್ಟರು. ಆ ಬೀರು ಮುಂದೆ ಈ ಕಥೆಯಲ್ಲಿ ಎಂಟ್ರಿ ಕೊಡಲಿದೆ, ನೆನಪಿರಲಿ.

ಅವರು ಡಾಕ್ಟರು, ಆದರೆ ಇತಿಹಾಸದಲ್ಲಿ. ಕಾರಿಡಾರಿನಲ್ಲಿ ರೋಗಿಗಳು ಅವರ ಕೋಣೆಯ ಮುಂದಿನ ಫಲಕ ನೋಡಿ ಒಳನುಗ್ಗಿ ನಾಲಿಗೆ ಚಾಚುವುದು ಮಾಮೂಲು. “ನಾನು ಚುಚ್ಚೋ ಡಾಕ್ಟರ್ ಅಲ್ಲಪ್ಪ. ಬದುಕಿರೋರನ್ನ ಪಕ್ಕದ ಬಿಲ್ಡಿಂಗ್‌ನೋರು ನೋಡ್ತಾರೆ, ನಾನು ಸತ್ತವರನ್ನ ನೋಡ್ಕೋತೀನಿ,” ಎಂದು ಅವರನ್ನು ಸರಿಯಾದ ಬಾಗಿಲಿಗೆ ಬಿಟ್ಟುಬರುತ್ತಿದ್ದರು. ಹೀಗಾಗಿ ಅವರಿಗೆ ‘ಚುಚ್ಚದ ಡಾಕ್ಟರ್’ ಎಂಬ ಬಿರುದು ಬಂತು. ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಅವರು ಇದನ್ನು ತಾವೇ ಹೇಳಿಕೊಂಡು, ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: “ನನ್ನ ಪೇಷೆಂಟುಗಳು ಯಾರೂ ಇದುವರೆಗೆ ಕಂಪ್ಲೇಂಟ್ ಕೊಟ್ಟಿಲ್ಲ.”

ನನ್ನ ಮತ್ತು ಅವರ ಮೊದಲ ಭೇಟಿ ತರಗತಿಯಲ್ಲಲ್ಲ, ಶವಚ್ಛೇದನದ ಹಾಲಿನ ಹೊರಗಿನ ಮೆಟ್ಟಿಲ ಮೇಲೆ. ಹಿಂದಿನ ದಿನವಷ್ಟೇ ಹಾಸ್ಟೆಲ್ಲಿನಲ್ಲಿ “ರಕ್ತ ನನಗೆ ಕುಂಕುಮ ಇದ್ದಂಗೆ” ಎಂದು ಮೇಜು ಗುದ್ದಿ ಹೇಳಿದ್ದ ನಾನು, ಬಿಳಿ ಬಟ್ಟೆ ಸರಿಸಿದ ಕೂಡಲೇ ಸ್ಲೋ ಮೋಷನ್ನಿನಲ್ಲಿ ಕೆಳಕ್ಕೆ ಬಿದ್ದೆನಂತೆ. ಕಣ್ಣು ಬಿಟ್ಟಾಗ ಪರಿಚಯವೇ ಇಲ್ಲದ ಒಬ್ಬರು ಪಕ್ಕದಲ್ಲಿ ಕೂತು ನೀರಿನ ಬಾಟಲಿ ಹಿಡಿದಿದ್ದರು. “ಹೆಣ ನೋಡಿ ಬಿದ್ದವರಲ್ಲಿ ನೀನೇನೂ ಮೊದಲನೆಯವನಲ್ಲ. ಬಿದ್ದವರೆಲ್ಲ ಅದನ್ನ ಎಲ್ಲೂ ಬರೆದಿಟ್ಟಿಲ್ಲ, ಅದಕ್ಕೇ ನೀನೊಬ್ಬನೇ ಅನ್ಸುತ್ತೆ,” ಎಂದರು. ಆಮೇಲೆ ನನ್ನ ಜೊತೆ ಒಳಗೆ ಬಂದು, ಮೇಜಿನ ಆ ಬದಿಗೆ ನಿಂತು, ನಾನೇ ಕತ್ತರಿ ಕೈಗೆತ್ತಿಕೊಳ್ಳುವವರೆಗೆ ಆ ದೇಹವನ್ನು ಕೊಟ್ಟ ಮನೆಯವರ ಬಗ್ಗೆ ಮೆಲ್ಲಗೆ ಮಾತಾಡುತ್ತಿದ್ದರು. ಹೆಣದ ಭಯ ಅಂದೇ ಹೋಯಿತು; ಅವರ ಬಗ್ಗೆ ಹುಟ್ಟಿದ ಭಯ ಇಂದಿಗೂ ಇದೆ.

ಇನ್ನು ಡಬ್ಬಿಯ ವಿಷಯ. ಹಳೆಯ ಆಪರೇಷನ್ ಥಿಯೇಟರಿನಿಂದ ಬಂದ, ಕಾಲಿನಿಂದ ಒತ್ತಿದರೆ ಬಾಯಿ ತೆರೆಯುವ, ಅಲ್ಲಲ್ಲಿ ಎನಾಮಲ್ ಎದ್ದ ಬಿಳಿ ಕಸದ ಡಬ್ಬಿಯೊಂದು ಅವರ ಮೇಜಿನ ಪಕ್ಕದಲ್ಲಿರುತ್ತಿತ್ತು. ಪ್ರತಿ ಶನಿವಾರ ಒಬ್ಬ ವಿದ್ಯಾರ್ಥಿ ಒಂದು ವಸ್ತುವನ್ನು ತಂದು, ಇತಿಹಾಸ ಬರೆಯಲು ಇದು ಏಕೆ ಪ್ರಯೋಜನವಿಲ್ಲ ಎಂದು ವಾದಿಸಿ, ಅದನ್ನು ಡಬ್ಬಿಗೆ ಹಾಕಬೇಕು. ಮೇಡಂ ಅದನ್ನು ಹೊರತೆಗೆದು “ಯಾವ ಪ್ರಶ್ನೆಗೆ?” ಎಂದು ಕೇಳುತ್ತಿದ್ದರು. ಯಾವ ಪ್ರಶ್ನೆಗೂ ಅದು ಉತ್ತರ ಕೊಡದಿದ್ದರೆ ಇಡೀ ತರಗತಿಗೆ ಅವರ ಲೆಕ್ಕದಲ್ಲಿ ಟೀ. ಒಬ್ಬಳು ಬೋಳುತಲೆಗೆ ಕೂದಲು ತರಿಸುವ ಎಣ್ಣೆಯ ಹಳೆಯ ಜಾಹೀರಾತು ತಂದು, “ಪೂರ್ತಿ ಸುಳ್ಳು ಮೇಡಂ,” ಎಂದಳು. “ಎಣ್ಣೆ ಕೆಲಸ ಮಾಡ್ತಿತ್ತಾ ಅಂತ ಕೇಳಿದ್ರೆ ಸುಳ್ಳು. ಜನ ಯಾವುದಕ್ಕೆ ನಾಚ್ಕೋತಿದ್ರು ಅಂತ ಕೇಳು, ಇದಕ್ಕಿಂತ ಸತ್ಯ ಹೇಳೋರು ಸಿಗಲ್ಲ,” ಎಂದರು. ಟೀ ತಪ್ಪಿತು. ಹೀಗೆ ವರ್ಷಗಟ್ಟಲೆ ತಪ್ಪುತ್ತಲೇ ಬಂದಿತ್ತು.

ಆ ಟೀ ಗೆಲ್ಲುವುದನ್ನು ನಾನು ಜೀವನದ ಗುರಿ ಮಾಡಿಕೊಂಡೆ. ಒಂದು ಕಾಗದವನ್ನು ಟೀಯಲ್ಲಿ ಅದ್ದಿ, ಒಣಗಿಸಿ, ಅಂಚು ಸುಟ್ಟು, ನೂರು ವರ್ಷದ ಹಿಂದಿನ ವೈದ್ಯನೊಬ್ಬನ ಔಷಧ ಚೀಟಿ ತಯಾರಿಸಿದೆ. ಅದನ್ನು ಡಬ್ಬಿಗೆ ಹಾಕಿ, ಅವರು ಹೊರತೆಗೆದು ಹಾಡಿ ಹೊಗಳಿದ ಮೇಲೆ, ಎದ್ದು ನಿಂತು ಖಳನಾಯಕನ ಥರ ನಗಬೇಕು ಎಂಬುದು ಪ್ಲಾನು. ಮೇಡಂ ಚೀಟಿಯನ್ನು ಬೆಳಕಿಗೆ ಹಿಡಿದರು, ಮೂಸಿದರು.

“ಟೀಗೆ ಸಕ್ಕರೆ ಹಾಕಿದ್ಯಾ?”

“ಯಾವ ಟೀ ಮೇಡಂ?”

“ಇರುವೆ ಬಂದಿದೆ ನೋಡು. ಇನ್ನೊಂದು ಸಲ ಮೋಸ ಮಾಡೋದಿದ್ರೆ ಸಪ್ಪೆ ಟೀಲಿ ಅದ್ದು. ಅಲ್ಲ, ನಿಮ್ಮ ವೈದ್ಯರು ಪ್ರತಿ ಸಾಲಿಗೂ ಮೂರು ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದಾರಲ್ಲ, ಔಷಧ ಬರೆದಿದ್ದೋ, ವಿಲನ್‌ಗೆ ಸವಾಲು ಹಾಕಿದ್ದೋ?”

ತರಗತಿ ಬಿದ್ದು ಬಿದ್ದು ನಕ್ಕಿತು. ನಾನಾದರೂ ಬಿಡುತ್ತೇನೆಯೇ? “ಸುಳ್ಳು ಅಂತ ಗೊತ್ತಾಯ್ತಲ್ಲ ಮೇಡಂ, ಹಾಗಾದ್ರೆ ಇದು ಕಸ. ಟೀ ಕೊಡ್ಸಿ,” ಎಂದೆ. ಅವರು ಆ ಚೀಟಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೆಳಗೆ ಒಂದು ಪಟ್ಟಿ ಅಂಟಿಸಿದರು: ‘ಈ ವರ್ಷದ ವಿದ್ಯಾರ್ಥಿಗಳ ಕಲ್ಪನೆಯಲ್ಲಿ ಹಿಂದಿನ ಕಾಲದ ವೈದ್ಯ.’ ಅದು ಈಗಲೂ ಅಲ್ಲಿದೆ. ಇರುವೆಗಳೂ ಇವೆ.

ಹೀಗೆ ನಗುತ್ತ ತರಗತಿ ನಡೆಯುತ್ತಿದ್ದ ಆ ಸಂಗ್ರಹಾಲಯದ ಕೋಣೆಯಲ್ಲಿ ಒಂದು ಫೋಟೋ ಇತ್ತು. ಕಾಲೇಜಿನಲ್ಲಿ ಓದಿದ ಯಾರೂ ಅದನ್ನು ಮರೆತಿರಲಾರರು. ಇದೇ ವಾರ್ಡು; ಸಾಲಾಗಿ ಮಂಚಗಳು; ಪ್ರತಿ ಮಂಚದ ಮೇಲೂ ದಿಂಬಿಗೊರಗಿ ಕೂತ ಒಂದು ಮಗು; ನಡುವೆ ಆ ಕಾಲದ ಹೆಸರಾಂತ ಮಕ್ಕಳ ವೈದ್ಯರು. ಎಡದಿಂದ ಎರಡನೆಯ ಮಂಚದ ಹುಡುಗ ಕಿವಿಯಿಂದ ಕಿವಿಗೆ ನಗುತ್ತಿದ್ದಾನೆ. ಎಲ್ಲ ಬ್ಯಾಚಿನವರೂ ಅವನನ್ನು ‘ಹೀರೋ’ ಎಂದೇ ಕರೆಯುತ್ತಿದ್ದೆವು. ಚಿತ್ರದ ಕೆಳಗೆ, ಸಂಗ್ರಹಾಲಯ ಶುರುವಾದ ಹೊಸದರಲ್ಲಿ ಮೇಡಂ ಅವರೇ ಬರೆದು ಹಾಕಿಸಿದ ಬೋರ್ಡು: ‘ಗಂಟಲಮಾರಿ ಹಬ್ಬಿದ ಆ ವರ್ಷ ಈ ವಾರ್ಡಿನಲ್ಲಿ ಒಂದೇ ಒಂದು ಮಗುವೂ ಸಾಯಲಿಲ್ಲ.’ ಗಂಟಲೊಳಗೆ ಪೊರೆ ಕಟ್ಟಿ ಮಕ್ಕಳ ಉಸಿರನ್ನೇ ನಿಲ್ಲಿಸುತ್ತಿದ್ದ ಕಾಯಿಲೆ ಅದು. ಹಾಗಾಗಿ ಆ ಸಾಲು ಆಸ್ಪತ್ರೆಯ ಕಿರೀಟವಾಗಿತ್ತು. ಹೊಸದಾಗಿ ಏಳುತ್ತಿದ್ದ ಮಕ್ಕಳ ಕಟ್ಟಡಕ್ಕೆ ಆ ವೈದ್ಯರ ಹೆಸರಿಡುವುದೆಂದೂ, ಉದ್ಘಾಟನೆಯ ಪುಸ್ತಿಕೆಯ ಮೇಲೆ ಇದೇ ಸಾಲನ್ನು ದಪ್ಪಕ್ಷರದಲ್ಲಿ ಹಾಕುವುದೆಂದೂ ತೀರ್ಮಾನವಾಗಿತ್ತು.

ಕಳೆದ ವರ್ಷದ ಒಂದು ಶನಿವಾರ ತರಗತಿ ನಡೆಯುತ್ತಿದ್ದಾಗ ಎಕ್ಸ್‌ರೇ ವಿಭಾಗದ ತಂತ್ರಜ್ಞರು, ನಾವೆಲ್ಲ ‘ಎಕ್ಸ್‌ರೇ ಅಣ್ಣ’ ಎನ್ನುವವರು, ತಮ್ಮ ಅಜ್ಜಿಯನ್ನು ಕೈಹಿಡಿದು ಕರೆತಂದರು. ಮಂಡಿಯ ಫಿಲ್ಮು ಬರುವವರೆಗೆ ಕೂರಲು ಫ್ಯಾನಿರುವ ಜಾಗ ಬೇಕಿತ್ತು, ಅಷ್ಟೇ. ಅಜ್ಜಿ ಕೂತರು. ಗೋಡೆ ನೋಡಿದರು. ಬಹಳ ಹೊತ್ತು ನೋಡಿದರು.

“ಅದರ ಕೆಳಗೆ ಏನೋ ಬರೆದಿದ್ದಾರಲ್ಲ, ಓದು.”

“ಆಮೇಲೆ ಅಜ್ಜಿ. ಕ್ಲಾಸ್ ನಡೀತಿದೆ.”

“ಕ್ಲಾಸು ಅವರಿಗೆ. ನಂಗೇನು? ಓದೋ.”

ಅಣ್ಣ ನಾಚುತ್ತ ಮೆಲ್ಲಗೆ ಓದಿದರು. ಅಜ್ಜಿ ಯಾರನ್ನೂ ನಿರ್ದಿಷ್ಟವಾಗಿ ಕೇಳದೆ ಕೇಳಿದರು:

“ಹಾಗಾದ್ರೆ ನನ್ನ ತಂಗಿ ಎಲ್ಲಿಗೆ ಹೋದ್ಲು?”

ಸಿನಿಮಾದಲ್ಲಾದರೆ ಇಲ್ಲಿ ಸಿಡಿಲು ಹೊಡೆದು, ಕ್ಯಾಮೆರಾ ಒಬ್ಬೊಬ್ಬರ ಮುಖಕ್ಕೂ ನುಗ್ಗಬೇಕು. ನಮ್ಮಲ್ಲಿ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಮೇಡಂ ಚಾಕ್ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಅಜ್ಜಿಯ ಎದುರು ಕೂತರು. ಅವರ ಪೇಷೆಂಟುಗಳ ಕಡೆಯಿಂದ ಮೊದಲ ಕಂಪ್ಲೇಂಟು ಬಂದಿತ್ತು.

ಅಜ್ಜಿ ಹೇಳಿದ್ದು ಇಷ್ಟು. ಅಕ್ಕತಂಗಿಯರಿಬ್ಬರಿಗೂ ಒಟ್ಟಿಗೇ ಗಂಟಲು ಕಟ್ಟಿತು. ಇಬ್ಬರನ್ನೂ ಈ ವಾರ್ಡಿನಲ್ಲಿ ಪಕ್ಕಪಕ್ಕದ ಮಂಚದ ಮೇಲೆ ಮಲಗಿಸಿದರು. ತಂಗಿಗೆ ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು, ತುತ್ತನ್ನು ಕಾಳುಕಾಳಾಗಿ ತಿನ್ನುತ್ತಿದ್ದಳೆಂದು. ಅಕ್ಕನಿಗೆ ಗುಣವಾಗುತ್ತ ಬಂತು. ಗುಬ್ಬಿಯ ಉಸಿರು ಸೀಟಿ ಹೊಡೆಯತೊಡಗಿತು. ಒಂದು ಬೆಳಿಗ್ಗೆ ಅಪ್ಪನನ್ನು ಕರೆಸಿ, ಮನೆಗೆ ಕರೆದುಕೊಂಡು ಹೋಗಿ, ಹಿಂದಿನ ಬಾಗಿಲಿನಿಂದ ಹೋಗಿ ಎಂದರು. ಅಪ್ಪ ಎತ್ತಿಕೊಂಡು ಹೊರಟರು. ಮನೆ ಮುಟ್ಟಲಿಲ್ಲ, ಸೈಕಲ್ ರಿಪೇರಿ ಅಂಗಡಿಯ ಮುಂದೆ ಸೀಟಿ ನಿಂತಿತು.

“ಇದು ನಾನು,” ಎಂದು ಅಜ್ಜಿ ಫೋಟೋದ ಮೊದಲ ಮಂಚದ ಬೋಳುತಲೆಯ ಮಗುವನ್ನು ತೋರಿಸಿದರು. “ಪಕ್ಕದ್ದು ಗುಬ್ಬಿ ಮಂಚ. ಅವಳು ಹೋದ ಮಾರನೇ ದಿನ ಫೋಟೋದೋರು ಬಂದಿದ್ದು. ಖಾಲಿ ಇತ್ತಲ್ಲ, ಇವನನ್ನ ಕೂರಿಸಿದ್ರು. ಇವನಿಗೆ ಕಾಯಿಲೆ ಎಲ್ಲಿತ್ತು? ಕಾಂಪೌಂಡರ್ ಮಗ. ಬಿಸ್ಕತ್ತು ತಿಂತಾ ಕೂತಿದ್ದ. ನಂಗೊಂದು ಕೊಡಲಿಲ್ಲ.”

ನಮ್ಮ ಹೀರೋ!

ನಮ್ಮ ತರಗತಿಯ ಟಾಪರ್ ಕೈಯೆತ್ತಿದಳು. ಅವಳಿಗೆ ಸಾಕ್ಷ್ಯ ಬೇಕು. ಮೇಡಂ ಅವರೇ ಹಾಗೆ ಬೆಳೆಸಿದ್ದರು. “ಅಜ್ಜಿ, ಆ ಡಾಕ್ಟ್ರು ಹೇಗಿದ್ರು ನೆನಪಿದೆಯಾ?”

“ನೆನಪಿಲ್ದೇ ಏನು? ಇಷ್ಟು ದಪ್ಪ ಮೀಸೆ. ಹೆದರಿಕೆ ಆಗೋದು.”

ಫೋಟೋದಲ್ಲಿ ವೈದ್ಯರ ಮುಖ ನುಣ್ಣಗಿತ್ತು. ಟಾಪರ್ ಮೇಡಂ ಕಡೆ ನೋಡಿದಳು. ಎಕ್ಸ್‌ರೇ ಅಣ್ಣನ ಮುಖ ಕೆಂಪಾಯಿತು. “ನಮ್ಮಜ್ಜಿ ಸುಳ್ಳು ಹೇಳ್ತಾರೆ ಅಂತೀರಾ?”

“ಮೀಸೆ ವಿಷಯದಲ್ಲಿ ಅಜ್ಜೀನ ನಂಬೋ ಹಾಗಿಲ್ಲ, ಒಪ್ಕೊಂಡೆ,” ಎಂದರು ಮೇಡಂ. “ಆದ್ರೆ ಮೀಸೆ ಬಗ್ಗೆ ಕೇಳ್ಬೇಕಾಗಿತ್ತಾ ನಾವು? ಆರೇಳು ವರ್ಷದ ಮಗು, ಹೆದರಿಕೆ ಹುಟ್ಟಿಸಿದ ಮನುಷ್ಯನಿಗೆ ಒಂದು ಮೀಸೆ ಅಂಟಿಸಿರಬಹುದು. ತಂಗಿ ಮಂಚ ಯಾವುದು ಅನ್ನೋದು ಬೇರೆ ಪ್ರಶ್ನೆ.”

ಅಷ್ಟರಲ್ಲಿ ನಾನು ಅವರ ಮೇಜಿನ ಭೂತಗನ್ನಡಿ ತೆಗೆದುಕೊಂಡು ಹೀರೋನನ್ನು ಇಂಚಿಂಚೂ ನೋಡುತ್ತಿದ್ದೆ. ಒಂದೇ ಸಿನಿಮಾವನ್ನು ಹತ್ತು ಸಲ ನೋಡುವವರಿಗೆ ಒಂದು ಕಾಯಿಲೆ ಇರುತ್ತದೆ: ಕಥೆ ಬಿಟ್ಟು, ನಾಯಕನ ಗಡಿಯಾರ ಯಾವ ಕೈಯಲ್ಲಿತ್ತು ಎಂದು ಹುಡುಕುವುದು. “ಮೇಡಂ! ಕಂಟಿನ್ಯುಟಿ ಮಿಸ್ಟೇಕು! ಹಾಸಿಗೆ ಮೇಲೆ ಶೂ ಹಾಕ್ಕೊಂಡಿದ್ದಾನೆ!”

ಎಲ್ಲರೂ ಮುತ್ತಿದರು. ಹೌದು. ಉಳಿದ ಮಕ್ಕಳ ಬರಿಗಾಲುಗಳು ಹೊದಿಕೆಯಾಚೆ ಅಲ್ಲಲ್ಲಿ ಕಾಣುತ್ತಿದ್ದವು. ಹೀರೋನ ಹೊದಿಕೆಯ ತುದಿಯಿಂದ ಹೊರಬಂದಿದ್ದು ಲೇಸು ಬಿಗಿದ, ಚೆನ್ನಾಗಿ ಪಾಲಿಶ್ ಮಾಡಿದ ಶೂ. ಇಪ್ಪತ್ತೈದಕ್ಕೂ ಹೆಚ್ಚು ಬ್ಯಾಚುಗಳು ಅವನ ನಗುವನ್ನು ನೋಡಿದ್ದವು. ಕಾಲನ್ನು ಯಾರೂ ನೋಡಿರಲಿಲ್ಲ, ಮೇಡಂ ಅವರೂ.

ನಾನು ಕೇಸು ಗೆದ್ದ ವಕೀಲನ ಭಂಗಿಯಲ್ಲಿ ನಿಂತಿದ್ದೆ. ಮೇಡಂ ನನ್ನನ್ನು ಕೆಳಗಿಳಿಸಿದರು. “ಕೂತ್ಕೊ ಹೀರೋ. ಶೂ ಇಷ್ಟೇ ಹೇಳುತ್ತೆ: ಈ ಫೋಟೋ ಸಿಂಗಾರ ಮಾಡ್ಕೊಂಡು ಕೂತಿದೆ. ಗುಬ್ಬಿ ಬಗ್ಗೆ ಶೂ ಒಂದಕ್ಷರನೂ ಹೇಳಲ್ಲ.” ಆಮೇಲೆ ಅಜ್ಜಿಯತ್ತ ತಿರುಗಿದರು. “ನಿಮ್ಮ ಹತ್ರ ತಂಗೀದು ಇನ್ನೇನಾದ್ರೂ ಇದೆಯಾ ಅಮ್ಮ? ಬಟ್ಟೆ, ಆಟದ ಸಾಮಾನು?”

“ಕಾಯಿಲೆ ಬಂದ ಮನೆ. ಎಲ್ಲ ಸುಟ್ರು. ನಾನೊಬ್ಬಳೇ ಉಳ್ಕೊಂಡಿದ್ದು. ನಾನೂ ಹೋದ್ರೆ ಅಂಥೋಳೊಬ್ಬಳಿದ್ಲು ಅಂತ ಹೇಳೋರೂ ಇರಲ್ಲ. ಇಲ್ಲಿ ನೋಡಿದ್ರೆ ಯಾರೂ ಸತ್ತೇ ಇಲ್ಲ ಅಂತ ಬೋರ್ಡು.”

ಮುಂದಿನ ವಾರಗಳಲ್ಲಿ ಮೇಡಂ ಕೆಲಸ ಮಾಡಿದ ರೀತಿಯನ್ನು ಹತ್ತಿರದಿಂದ ಕಂಡದ್ದು ನನ್ನ ಭಾಗ್ಯ. ಮೊದಲು ಅವರು ಬೋರ್ಡಿಗೆ ಆಧಾರವಾದ, ಗ್ರಂಥಾಲಯದಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದಾದ, ಆಸ್ಪತ್ರೆಯ ಆ ವರ್ಷದ ಅಚ್ಚಾದ ವರದಿಯನ್ನು ಮತ್ತೆ ಓದಿದರು. ಸತ್ತವರು: ಸೊನ್ನೆ. ಅದು ನಿಜವೇ. ಆದರೆ ‘ಗುಣವಾದವರು’ ಮತ್ತು ‘ಮೃತರು’ ಎಂಬ ಎರಡರ ನಡುವೆ ಇನ್ನೊಂದು ಕಾಲಮು ಇತ್ತು: ‘ಮನೆಯವರ ಕೋರಿಕೆಯಂತೆ ಕಳುಹಿಸಲಾದವರು’. ಅದರಲ್ಲಿ ಸೊನ್ನೆ ಇರಲಿಲ್ಲ. ಅಜ್ಜಿಗೆ ಅದನ್ನು ಓದಿ ಹೇಳಿದಾಗ ಅವರು, “ನಮ್ಮಪ್ಪ ಕೋರಲಿಲ್ಲ. ಇಲ್ಲೇ ಇರಲಿ ಅಂತ ಕಾಲು ಹಿಡ್ಕೊಂಡ್ರು,” ಎಂದರು.

ವರದಿ ಸುಳ್ಳು ಹೇಳಿರಲಿಲ್ಲ. ಗುಬ್ಬಿ ವಾರ್ಡಿನಲ್ಲಿ ಸಾಯಲಿಲ್ಲ, ರಸ್ತೆಯಲ್ಲಿ ಸತ್ತಳು. ಆ ವರದಿ ದಾನಿಗಳಿಗಾಗಿ ಅಚ್ಚಾದದ್ದು. ಹಾಸಿಗೆ ಎಷ್ಟು, ಔಷಧ ಎಷ್ಟು ಎಂದು ಕೇಳಿದರೆ ಅದಕ್ಕಿಂತ ಒಳ್ಳೆಯ ಆಕರವಿಲ್ಲ. ಎಷ್ಟು ಮಕ್ಕಳು ಬದುಕಲಿಲ್ಲ ಎಂದು ಕೇಳಿದರೆ ಅದು ನಯವಾಗಿ ಬಾಗಿಲು ಹಾಕಿಕೊಳ್ಳುತ್ತದೆ.

ಬಾಗಿಲೆಂದಾಗ ನೆನಪಾಯಿತು, ಬೀರು. ಅಜ್ಜಿ ಹೇಳಿದ ಹಿಂದಿನ ಬಾಗಿಲು ಎಲ್ಲಿ? ಕೋಣೆಯಲ್ಲಿ ಅಂಥ ಬಾಗಿಲೇ ಇರಲಿಲ್ಲ. ಎಕ್ಸ್‌ರೇ ಅಣ್ಣ, ನಾನು, ಇನ್ನಿಬ್ಬರು ಸೇರಿ, ಬೆನ್ನು ಹಿಡಿದುಕೊಂಡು ಆ ಸ್ಟೀಲ್ ಬೀರುವನ್ನು ಸರಿಸಿದಾಗ ಅದರ ಹಿಂದೆ ಅಗುಳಿ ಹಾಕಿದ ಸಣ್ಣ ಬಾಗಿಲೊಂದು ಸಿಕ್ಕಿತು. ಮೂರು ದಶಕಗಳ ಹಿಂದೆ ಬೀರುವನ್ನು ಅಲ್ಲಿ ನಿಲ್ಲಿಸಿದ್ದು ಮೇಡಂ ಅವರೇ. ಬಾಗಿಲು ಬಳಕೆಯಲ್ಲಿಲ್ಲ, ಗಾಳಿ ಬರುತ್ತದೆ ಎಂದು. ಹೊಸ್ತಿಲ ಕಲ್ಲು ನಡುವೆ ಸವೆದು ತಗ್ಗಾಗಿತ್ತು.

“ಸಿಕ್ಬಿಡ್ತು ಮೇಡಂ, ಸಾಕ್ಷಿ!” ಎಂದೆ.

“ಸವೆದಿದೆ, ಅಷ್ಟೇ. ಕಸ ಗುಡಿಸೋರು ಓಡಾಡಿದ್ರೂ ಸವೆಯುತ್ತೆ. ಯಾರು ತುಳಿದಿದ್ದು ಅಂತ ಕಲ್ಲು ಹೇಳಲ್ಲ.” ಹಾಗೆಂದವರು ಆ ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಕೂತರು.

ಹೊರರೋಗಿ ವಿಭಾಗದ ಬೆಂಚುಗಳಲ್ಲಿ ಕಾಯುವ ಹಿರಿಯರನ್ನೂ ಅವರು ಒಬ್ಬೊಬ್ಬರನ್ನಾಗಿ ಮಾತಾಡಿಸಿದರು. ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್, ತಮ್ಮ ಚಿಕ್ಕಪ್ಪನ ಮಗಳನ್ನು ಹಿಂದಿನ ಬಾಗಿಲಿನಿಂದಲೇ ತಂದರು ಎಂದರು. ದರ್ಜಿಯೊಬ್ಬರು ಕೆರಳಿದರು: “ಅದೆಲ್ಲ ಸುಳ್ಳು. ಆ ಡಾಕ್ಟ್ರು ದೇವರು. ನಮ್ಮಣ್ಣನ ಗಂಟಲು ಕೊಯ್ದು ನಳಿಗೆ ಇಟ್ಟು ಉಳಿಸಿದ್ರು.” ಮೇಡಂ ಎರಡನ್ನೂ ಒಂದೇ ಶ್ರದ್ಧೆಯಿಂದ ಬರೆದುಕೊಂಡರು. “ಎರಡೂ ನಿಜ ಇರಬಹುದು,” ಎಂದರು. “ಉಳಿಸೋಕೆ ಆಗೋರನ್ನ ಜೀವ ಕೊಟ್ಟು ಉಳಿಸಿದ್ರು. ಆಗದವರನ್ನ ಲೆಕ್ಕದಿಂದ ಹೊರಗಿಟ್ರು. ಒಂದೇ ಮನುಷ್ಯ.”

ಆ ಶನಿವಾರ ಅವರು ತರಗತಿಗೆ ಬಂದು, ಕಾಲಿನಿಂದ ಡಬ್ಬಿಯ ಬಾಯಿ ತೆರೆದು, ಒಂದು ಕಾಗದವನ್ನು ಒಳಗೆ ಹಾಕಿದರು. ಬೋರ್ಡಿಗೆಂದು ಅವರೇ ಅಂದು ಬರೆದುಕೊಟ್ಟಿದ್ದ ಒಕ್ಕಣೆ ಅದು.

“ಇವತ್ತು ಹಾಕೋದು ನಾನು, ತೆಗೆಯೋದು ನೀವು. ಇದು ತಪ್ಪು. ಬರೆದವಳು ನಾನು. ಕಸ ಅಂತ ನಾನು ವಾದ ಮಾಡ್ತೀನಿ. ಯಾರಾದ್ರೂ ಉಳಿಸಿ ನೋಡೋಣ.”

ಯಾರೂ ಏಳಲಿಲ್ಲ. ಗುರುಗಳ ತಪ್ಪನ್ನು ಗುರುಗಳ ಎದುರಿಗೆ ಹಿಡಿದು ನೋಡುವ ಧೈರ್ಯ ಸಿನಿಮಾದಲ್ಲೂ ಅಪರೂಪ. ಕೊನೆಗೆ ಟಾಪರ್ ಎದ್ದು, ಡಬ್ಬಿಯಿಂದ ಕಾಗದ ತೆಗೆದಳು. “ಎಷ್ಟು ಮಕ್ಕಳು ಸತ್ರು ಅನ್ನೋ ಪ್ರಶ್ನೆಗೆ ಇದು ಕಸ ಮೇಡಂ,” ಎಂದಳು. “ಆದ್ರೆ ತುಂಬಾ ಎಚ್ಚರಿಕೆಯಿಂದ ಓದೋರೂ ಯಾವಾಗ ಮೋಸ ಹೋಗ್ತಾರೆ ಅನ್ನೋ ಪ್ರಶ್ನೆಗೆ…”

“ಯಾವಾಗ ಹೋಗ್ತಾರೆ?”

ಅವಳು ಕಾಗದವನ್ನು ಮೇಡಂ ಕೈಗೇ ಕೊಟ್ಟಳು. ಮೇಡಂ ಅವರೇ ಹೇಳಿದರು. “ಈ ಕೋಣೇನ ನನ್ನ ಕೈಯಾರೆ ತೊಳೆದಿದ್ದೆ. ಇಲ್ಲಿ ಮಕ್ಕಳು ಸತ್ತಿರೋದು ನಂಗೆ ಬೇಕಿರಲಿಲ್ಲ. ವರದೀಲಿ ಸೊನ್ನೆ ಕಂಡಾಗ ಖುಷಿ ಆಯ್ತು. ಖುಷಿ ಆದ ತಕ್ಷಣ ಪ್ರಶ್ನೆ ಕೇಳೋದು ನಿಲ್ಲಿಸ್ಬಿಟ್ಟೆ. ನಿಮಗೆ ಸಿಟ್ಟು ಬರಿಸೋ ಆಕರಾನ ಹೇಗೂ ನೀವು ಪರೀಕ್ಷೆ ಮಾಡ್ತೀರ. ಖುಷಿ ಕೊಡೋದನ್ನ ಎರಡು ಸಲ ಮಾಡಿ.” ನಂತರ ಪರ್ಸು ತೆಗೆದು, “ಉಳಿಸ್ಕೊಂಡ್ರಿ. ಟೀ ನನ್ನದು,” ಎಂದರು. ನಾನು ವರ್ಷಗಟ್ಟಲೆ ಕಾದ ಟೀ. ಅಂದು ಅದನ್ನು ಗೆದ್ದವಳು ಟಾಪರ್.

ಮುಂದಿನದು ಆಸ್ಪತ್ರೆಯ ನಿರ್ದೇಶಕರ ಕೋಣೆ. ಮಾನ್ಯ ನಿರ್ದೇಶಕರ ಕಷ್ಟವನ್ನೂ ಹೇಳಬೇಕು: ಪುಸ್ತಿಕೆ ಅಚ್ಚಿಗೆ ಹೋಗುವುದರಲ್ಲಿತ್ತು, ಹೊಸ ಕಟ್ಟಡದ ಹೆಸರು ಘೋಷಣೆಯಾಗಿತ್ತು, ನಿವೃತ್ತಿಯ ನಂತರವೂ ಮೇಡಂ ಅವರೇ ಗೌರವ ಹುದ್ದೆಯಲ್ಲಿ ಸಂಗ್ರಹಾಲಯವನ್ನು ನೋಡಿಕೊಳ್ಳಲಿ ಎಂಬ ಪ್ರಸ್ತಾಪವೂ ಅವರ ಮೇಜಿನ ಮೇಲೆಯೇ ಇತ್ತು. ಫೋಟೋ ಹೊತ್ತುಕೊಂಡು ಹೋಗುವ ನೆಪದಲ್ಲಿ ನಾನೂ ಒಳಗಿದ್ದೆ.

“ಮೇಡಂ, ನೀವೇ ಬರೆದಿದ್ದು. ಈಗ ನೀವೇ ಅಲ್ಲ ಅಂದ್ರೆ ಜನ ಏನಂತಾರೆ?”

“ಮತ್ತೆ ಓದಿದ್ದಾಳೆ ಅಂತಾರೆ ಸರ್.”

“ಒಬ್ಬ ಮುದುಕಿ ಮಾತಿಗೆ? ಅದೂ ಮೀಸೆ ಇಲ್ಲದವರಿಗೆ ಮೀಸೆ ಇತ್ತು ಅನ್ನೋರ ಮಾತಿಗೆ? ಹೋಗ್ಲಿ, ಬೋರ್ಡನ್ನ ಸುಮ್ನೆ ತೆಗೆದುಬಿಡೋಣ. ಯಾರಿಗೂ ಗೊತ್ತಾಗಲ್ಲ.”

“ತೆಗೀಬೇಡಿ ಸರ್. ತಪ್ಪು ಬೋರ್ಡೂ ಈಗ ಒಂದು ಆಕರ. ಸುಮ್ನೆ ತೆಗೆದ್ರೆ ನಾವೂ ಹಿಂದಿನ ಬಾಗಿಲಿಂದ ಕಳಿಸಿದ ಹಾಗೇ. ಅದರ ಕೆಳಗೆ ಇನ್ನೊಂದು ಹಾಕೋಕೆ ಅನುಮತಿ ಕೊಡಿ. ಕೊಡದಿದ್ರೆ, ಆ ಕೋಣೆಯಲ್ಲಿ ಇನ್ನು ಮುಂದೆ ನಾನು ಪಾಠ ಮಾಡೋಕಾಗಲ್ಲ. ಆ ಗೌರವ ಹುದ್ದೇನೂ ಬೇಡ.”

ಹಿನ್ನೆಲೆ ಸಂಗೀತವಿಲ್ಲದೆ, ಧ್ವನಿ ಏರಿಸದೆ, ಕುರ್ಚಿಯಿಂದ ಏಳದೆ ಇಂಥ ಡೈಲಾಗು ಹೊಡೆಯಬಹುದೆಂದು ನನಗೆ ಅಂದೇ ತಿಳಿದದ್ದು. ನಿರ್ದೇಶಕರು ಫೋಟೋವನ್ನು ಮೇಜಿನ ಮೇಲೆ ಇಡಿಸಿಕೊಂಡು, ಭೂತಗನ್ನಡಿಯಲ್ಲಿ ಆ ಶೂವನ್ನು ಬಹಳ ಹೊತ್ತು ನೋಡಿದರು. ಅವರೂ ಮೂಲತಃ ಮಕ್ಕಳ ವೈದ್ಯರೇ. “ಪುಸ್ತಿಕೆಯಲ್ಲಿ ಆ ಸಾಲು ತೆಗೆಸ್ತೀನಿ,” ಎಂದರು. “ಬೋರ್ಡು ಸಣ್ಣದಿರಲಿ.” ಕಟ್ಟಡಕ್ಕೆ ಆ ವೈದ್ಯರ ಹೆಸರೇ ಇದೆ; ಮೇಡಂ ಅದನ್ನು ಎಂದೂ ವಿರೋಧಿಸಲಿಲ್ಲ. ಗೌರವ ಹುದ್ದೆಯ ಪ್ರಸ್ತಾಪ ಮಾತ್ರ ಇನ್ನೂ ಪರಿಶೀಲನೆಯಲ್ಲಿದೆಯಂತೆ. ಈ ಗ್ರಂಥ ನಿರ್ದೇಶಕರ ಕೈಗೂ ಸೇರುವುದರಿಂದ ಆ ವಿಷಯವನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಸಣ್ಣ ಬೋರ್ಡಿನ ಮೇಲೆ ಬರೆದದ್ದು ಇಷ್ಟು:

‘ಮೇಲಿನ ಸಾಲನ್ನು ಬರೆದವಳು ನಾನು. ಅದು ತಪ್ಪು. ಆಸ್ಪತ್ರೆಯ ವರದಿ ವಾರ್ಡಿನೊಳಗೆ ಸತ್ತವರನ್ನು ಮಾತ್ರ ಎಣಿಸಿದೆ. ಉಳಿಯಲಾರರೆಂದು ಕಂಡ ಕೆಲವು ಮಕ್ಕಳನ್ನು ಹಿಂದಿನ ಬಾಗಿಲಿನಿಂದ ಮನೆಗೆ ಕಳುಹಿಸಿದರೆಂದು ಅಂದು ಇಲ್ಲಿದ್ದವರೂ ಅವರ ಮನೆಯವರೂ ನೆನೆಯುತ್ತಾರೆ. ಎಷ್ಟು ಮಕ್ಕಳು, ನಮಗೆ ತಿಳಿಯದು. ಒಬ್ಬಳ ವಿಷಯ ಅವಳ ಅಕ್ಕ ಹೇಳಿದ್ದಾರೆ. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಚಿತ್ರದಲ್ಲಿ ಎಡದಿಂದ ಎರಡನೆಯ ಮಂಚ ಅವಳದು.’

ಅಜ್ಜಿ ಬಂದ ದಿನ ಬೀರು ಇನ್ನೊಂದು ಗೋಡೆಗೆ ಹೋಗಿತ್ತು, ಹಿಂದಿನ ಬಾಗಿಲು ತೆರೆದಿತ್ತು, ಗಾಳಿ ಬರುತ್ತಿತ್ತು. ಮೊಮ್ಮಗನಿಂದ ಬೋರ್ಡನ್ನು ಎರಡು ಸಲ ಓದಿಸಿಕೊಂಡರು. ‘ಗುಬ್ಬಿ’ ಎಂಬಲ್ಲಿ ಬೆರಳಿಟ್ಟು, “ಇದೇನಾ?” ಎಂದು ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಮೇಡಂ ಕಡೆ ತಿರುಗಿ, “ಎಲ್ಲ ಬರೆದ್ರಿ, ಬಿಸ್ಕತ್ತು ಕೊಡಲಿಲ್ಲ ಅನ್ನೋದು ಬರೀಲೇ ಇಲ್ಲ,” ಎಂದರು.

ಮೇಡಂ ಡ್ರಾಯರಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಮುಂದೆ ಹಿಡಿದರು. ಅಜ್ಜಿ ಒಂದನ್ನು ತೆಗೆದುಕೊಂಡು, ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ಕರಗಿಸಿ, ಹೀರೋನನ್ನೇ ನೋಡುತ್ತ, “ಸಪ್ಪೆ. ಇದಕ್ಕಾ ನಾನು ಇಷ್ಟು ವರ್ಷ ಹೊಟ್ಟೆ ಉರ್ಕೊಂಡಿದ್ದು?” ಎಂದರು. ಮೊದಲು ನಕ್ಕವರು ಮೇಡಂ. ಆ ವಾರ್ಡಿನಲ್ಲಿ ನಾನು ಕೇಳಿದ ಅತಿ ದೊಡ್ಡ ನಗು ಅದು, ಮತ್ತು ಆ ನಗುವಿನ ಕೊನೆಯಲ್ಲಿ ಇಬ್ಬರೂ ಕಣ್ಣೊರೆಸಿಕೊಂಡರು.

ಬೋರ್ಡಿನ ವಿಷಯ ಬೇಡವೆಂದ ಸಂಪಾದಕ ಸಮಿತಿಯವರಲ್ಲಿ ನನ್ನ ವಿನಮ್ರ ನಿವೇದನೆ: ಅಭಿನಂದನ ಗ್ರಂಥದಲ್ಲಿ ಯಾರೂ ಎಂದೂ ತಪ್ಪು ಮಾಡಿರುವುದಿಲ್ಲ, ಆ ವಾರ್ಡಿನಲ್ಲಿ ಯಾರೂ ಎಂದೂ ಸಾಯದಿದ್ದ ಹಾಗೆ. ಮೇಡಂ ಅವರ ಒಂದೇ ತಪ್ಪನ್ನು ನಾವು ಪ್ರೀತಿಯಿಂದ ಹಿಂದಿನ ಬಾಗಿಲಿನಿಂದ ಕಳುಹಿಸಿಬಿಟ್ಟರೆ, ಮುಂದೆಂದೋ ಈ ಗ್ರಂಥವನ್ನು ತೆರೆದವರಿಗೆ ಕಾಣುವುದು ಶೂ ಹಾಕಿಕೊಂಡು ಹಾಸಿಗೆಯಲ್ಲಿ ಕೂತ ಒಬ್ಬ ಆದರ್ಶ ಅಧ್ಯಾಪಕಿ. ನಮಗೆ ಪಾಠ ಹೇಳಿದವರು ಅವರಲ್ಲ.

ಈ ಲೇಖನವನ್ನೂ ಬೀಳ್ಕೊಡುಗೆಯ ದಿನ ಡಬ್ಬಿಗೆ ಹಾಕುವವನಿದ್ದೇನೆ. ಬರೆದವನು ಶಿಷ್ಯ, ಸಂದರ್ಭ ಸನ್ಮಾನ, ಭಾಷೆಯಲ್ಲಿ ಸಿನಿಮಾದ ಸೋಂಕು. ಮೇಡಂ ಎಷ್ಟು ದೊಡ್ಡವರು ಎಂಬ ಪ್ರಶ್ನೆಗೆ ಇದು ನಂಬಲರ್ಹವಲ್ಲ. ಯಾವ ಪ್ರಶ್ನೆಗೆ ಉಪಯೋಗ ಎಂಬುದನ್ನು ಅವರೇ ಹುಡುಕಲಿ. ಹುಡುಕಲಾಗದಿದ್ದರೆ ಒಂದು ಟೀ ಬಾಕಿ.

ಮೇಡಂ, ನೀವೇ ಒಂದು ಆಕರವಾಗುವಷ್ಟು ವರ್ಷ ಬದುಕಿ. ಮುಂದೆ ಯಾವುದೋ ಶನಿವಾರ ಯಾವನೋ ತರಲೆ ಹುಡುಗ ನಿಮ್ಮೆದುರು ಕೂತು ನಮ್ಮ ಕಾಲದ ಬಗ್ಗೆ ಕೇಳಲಿ. ನನಗೆ ಇಷ್ಟು ದಪ್ಪ ಮೀಸೆ ಇತ್ತೆಂದು ನೀವು ಹೇಳುವಷ್ಟು ವರ್ಷ ಬದುಕಿ. (ನನಗೆ ಮೀಸೆ ಇಲ್ಲ; ಆಧಾರಕ್ಕೆ ಈ ಗ್ರಂಥದ ಗುಂಪುಚಿತ್ರ ನೋಡಬಹುದು, ಕಾಲನ್ನೂ ಸೇರಿಸಿ.) ಆ ಹುಡುಗ ನಿಮ್ಮನ್ನು ನಂಬಬೇಕೋ ಬೇಡವೋ ಎಂದು ತಲೆ ಕೆರೆದುಕೊಳ್ಳಲಿ. ಆಮೇಲೆ ಸುಮ್ಮನೆ, ಎಡದಿಂದ ಎರಡನೆಯ ಮಂಚ ಯಾರದೆಂದು ಕೇಳಲಿ. ಅದನ್ನು ನೀವು ತಪ್ಪಿ ಹೇಳಲಾರಿರಿ.